ಅಜ್ಜ ಕೊಟ್ಟ ಬರಿ

ತಾರಾನಾಥನ ತಾಯಿ ವಾರಿಜಕ್ಕ ಕಾಪುವಿನಿಂದ ಕಾರ್ಕಳದ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು, ಬೆಲ್ಲ-ನೀರು ಕುಡಿದ ಕೂಡಲೇ ನನ್ನ ಮದುವೆ ಮುರಿದರು. ಅದೂ ಎಷ್ಟು ಪ್ರೀತಿಯಿಂದ! “ನಿಮ್ಮದು ಯಾವ ಬರಿ?” ಎಂದು ಕೇಳಿದರು. “ಬಂಗೇರ” ಎಂದಳು ಅಮ್ಮ. ವಾರಿಜಕ್ಕ ಅಮ್ಮನ ಕೈ ಹಿಡಿದುಕೊಂಡರು. “ಅಯ್ಯೋ ಕುಶಲಾ, ನಮ್ಮದೂ ಬಂಗೇರವೇ. ಹಾಗಾದರೆ ನೀನು ನನಗೆ ತಂಗಿ. ಮಕ್ಕಳು ಅಣ್ಣ-ತಂಗಿ ಆದರಲ್ಲ!”

ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಮಕ್ಕಳಿಗೆ ಇಳಿದುಬರುವ ಕುಲ. ಒಂದೇ ಬರಿಯೊಳಗೆ ಮದುವೆ ಇಲ್ಲ. ೧೯೭೯ರ ಮಾತಿದು. ಮಣಿಪಾಲದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅಕ್ಕಪಕ್ಕ ಕುಳಿತು ಊರವರ ರಕ್ತವನ್ನೆಲ್ಲ ಪರೀಕ್ಷಿಸಿದ ನಾನೂ ತಾರಾನಾಥನೂ ಪರಸ್ಪರ ಬರಿ ಮಾತ್ರ ಕೇಳಿಕೊಂಡಿರಲಿಲ್ಲ.

ಆಮೇಲೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ನಾನು ಪಾತ್ರೆ ಕುಕ್ಕುತ್ತಿದ್ದೆ, ಅಮ್ಮ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ಲ್ಯಾಬಿನಲ್ಲಿ ತಾರಾನಾಥನನ್ನು ಅಣ್ಣ ಎಂದುಕೊಳ್ಳಲು ಹೋಗಿ ಸೀಸೆಗಳ ಚೀಟಿ ಅದಲುಬದಲು ಮಾಡಿದೆ. ಒಂದು ಶನಿವಾರ ಅಮ್ಮ ಹಿಡಿಸೂಡಿ ಬಿಸಾಡಿ ಮೆಟ್ಟಿಲ ಮೇಲೆ ಕುಳಿತಳು.

“ನಮಗೆ ಬರಿಯೇ ಇಲ್ಲ ಮಗಾ. ನನ್ನ ಅಮ್ಮ ಅಲೆವೂರಿನ ಕಿರಿಸ್ತಾನರವರು. ಹೆಸರು ಬೆನೆಡಿಕ್ಟಾ. ನಿನ್ನ ಅಜ್ಜ ಕರ್ಕೊಂಡು ಓಡಿ ಬಂದದ್ದು. ಇಲ್ಲಿ ಸೇಸಿ ಅಂತ ಹೆಸರಿಟ್ಟು, ಕಾಸರಗೋಡಿನ ಕಡೆಯ ಅನಾಥೆ, ಬಂಗೇರ ಬರಿ ಅಂತ ಎಲ್ಲರಿಗೆ ಹೇಳಿದರು.”

“ಹಾಗಾದರೆ ನಾವು ಅಣ್ಣ-ತಂಗಿ ಅಲ್ಲ!” ನಾನು ಕುಣಿದೇಬಿಟ್ಟೆ. ಐವತ್ತು ವರ್ಷ ಬಚ್ಚಿಟ್ಟ ದುಃಖ ಕೇಳಿ ಕುಣಿದವಳು ನಾನೊಬ್ಬಳೇ ಇರಬೇಕು.

“ಕುಣಿಬೇಡ. ಬರಿ ಇಲ್ಲದ ಹುಡುಗಿಯನ್ನು ಯಾರು ತರ್ತಾರೆ?”

“ಅದನ್ನು ಅವರೇ ಹೇಳಲಿ” ಎಂದೆ. ಮರುದಿನ ಅಮ್ಮನನ್ನು ಬಸ್ಸು ಹತ್ತಿಸಿದೆ. ಉಡುಪಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯುವಾಗ ಅವಳು ವಾಪಸು ಹೋಗೋಣ ಎಂದು ಸೆರಗು ಎಳೆದಳು. ನಾನು ಬಿಡಲಿಲ್ಲ.

ಕಾಪುವಿನಲ್ಲಿ ವಾರಿಜಕ್ಕ ತಾರಾನಾಥನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. ಎದ್ದು ಬಾಗಿಲು ಹಾಕಿ ಬಂದು ದನಿ ತಗ್ಗಿಸಿದರು.

“ಹುಡುಗಿ ಒಳ್ಳೆಯವಳು. ಮಗನಿಗೂ ಇವಳೇ ಬೇಕು. ನಮ್ಮವರಿಗೆ ಸಾಲ್ಯಾನ ಬರಿ ಅಂತ ಹೇಳುವ. ನಿಮ್ಮನ್ನು ಬಂಗೇರ ಅಂತ ತಿಳಿದಿರುವ ಕಾರ್ಕಳದವರನ್ನು ಮದುವೆಗೆ ಕರೆಯುವುದು ಬೇಡ. ಆ ಬೆನೆಡಿಕ್ಟಾ ಹೆಸರು ಮಾತ್ರ ಇನ್ನು ಯಾರ ಬಾಯಲ್ಲೂ ಬರಬಾರದು.”

ಅಮ್ಮ ಆಗಲೇ ತಲೆಯಾಡಿಸುತ್ತಿದ್ದಳು. ನನಗೆ ಬೇಕಾದದ್ದು ಕೈಗೆ ಬಂದಿತ್ತು. ಎದ್ದು ವಾರಿಜಕ್ಕನ ಕಾಲು ಮುಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಹಾಳು ನಾಲಗೆ ಸುಮ್ಮನಿರಬೇಕಲ್ಲ.

“ನನಗೆ ಮಗಳು ಹುಟ್ಟಿದರೆ ಅವಳಿಗೆ ಯಾವ ಬರಿ ಹೇಳಲಿ ಅತ್ತೆ?”

“ಸಾಲ್ಯಾನ ಅಂತಲೇ ಹೇಳು. ಅವಳಿಗೆ ಇದೆಲ್ಲ ಎಂತಕ್ಕೆ?”

ತಾರಾನಾಥನ ಮುಖ ನೋಡಿದೆ. “ಹೆಸರು ಮಾತ್ರ ಅಲ್ವಾ ಮನೋರಮಾ” ಎಂದ. ಅವನು ಕೆಟ್ಟವನಲ್ಲ. ಹಾಗೆ ಹೇಳುವಾಗಲೂ ಅವನ ಮೇಲೆ ನನಗೆ ಜೀವವೇ ಇತ್ತು. “ನನ್ನಿಂದಾಗದು” ಎಂದು ಎದ್ದುಬಿಟ್ಟೆ.

ಬಸ್ಸಿನಲ್ಲಿ ಕುಳಿತ ಮೇಲೆ ಕೆಳಗಿಳಿದು ಓಡಿಹೋಗಿ ಒಪ್ಪಿದೆ ಎಂದು ಹೇಳಲೇ ಎನಿಸಿತು. “ಹೂಂ ಅನ್ನಬೇಕಿತ್ತಾ ಅಮ್ಮ?”

ಅಮ್ಮ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. “ನನ್ನ ಅಮ್ಮ ಸಾಯುವಾಗ ಕೊಂಕಣಿಯಲ್ಲಿ ಕಿರಿಸ್ತಾನರ ಪ್ರಾರ್ಥನೆ ಶುರು ಮಾಡಿದರು. ಕೋಣೆ ತುಂಬ ನೆಂಟರು. ನಾನು ಅವರ ಬಾಯಿಗೆ ಕೈ ಅಡ್ಡ ಹಿಡಿದೆ. ಜೀವ ಹೋದ ಮೇಲೆಯೇ ತೆಗೆದದ್ದು.”

ನನಗೆ ತಾರಾನಾಥ ಬೇಕಿತ್ತು. ಆಗಲೂ ಬೇಕಿತ್ತು. ತಡೆಯಲಾಗದೆ ಗೊಳೋ ಎಂದು ಅತ್ತೆ. ಇಡೀ ಬಸ್ಸು ತಿರುಗಿ ನೋಡಿತು, ಕಂಡಕ್ಟರ್ ಟಿಕೆಟ್ ಕೇಳುವುದನ್ನು ನಿಲ್ಲಿಸಿದ.

“ಅಳು ಮಗಾ” ಎಂದಳು ಅಮ್ಮ. “ಜೋರಾಗಿಯೇ ಅಳು.”