ಪುಸಲಾಯಿಸುವವಳ ಕೈ

ಹಲ್ಲಿನ ಡಾಕ್ಟರ ಬಾಯಲ್ಲಿ ದಿನವಿಡೀ ಬರುತ್ತಿದ್ದ ಮಾತು ಒಂದೇ: "ಸ್ವಲ್ಪ ಕೋಕ್ಸ್ ಮಾಡಿ." ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಹಾಯಕಿ ಅದರ ಅರ್ಥ ಕೇಳಿದ್ದಳು.

"ಪುಸಲಾಯಿಸೋದು ಕಣಮ್ಮ. ಒಲ್ಲೆ ಅನ್ನೋರ ಹತ್ರ ಮೆಲ್ಲಗೆ ಹೂಂ ಅನ್ನಿಸೋದು. ಗದರಿಸಿದ್ರೆ ಅದು ಕೋಕ್ಸ್ ಅಲ್ಲ," ಎಂದಿದ್ದರು. ಸುಳ್ಳು ಹೇಳಿದರೆ ಏನಂತಾರೆ ಎಂದು ಇವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಕೆಲಸ ಅವಳಿಗೆ ನೀರು ಕುಡಿದಷ್ಟು ಸುಲಭ. ಸೂರು ಹಾರಿಹೋಗುವಂತೆ ಕಿರುಚುವ ಮಕ್ಕಳೂ ಅವಳ ಮುಂದೆ ಬಾಯಿ ತೆರೆಯುತ್ತಿದ್ದವು. ಗುಟ್ಟೇನೂ ದೊಡ್ಡದಲ್ಲ. ಮಂಡಿಯೂರಿ ಕೂತು ಎರಡೂ ಅಂಗೈ ತೋರಿಸುವಳು. "ನೋಡು, ಏನೂ ಬಚ್ಚಿಟ್ಟಿಲ್ಲ. ನೋವಾಗೋ ಹಾಗಿದ್ರೆ ಮೊದಲೇ ಹೇಳ್ತೀನಿ." ಹೇಳಿದಂತೆ ನಡೆದುಕೊಳ್ಳುವಳು ಕೂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಕ್ಕಳ ಹತ್ತಿರವಂತೂ ಕೇಳುವುದೇ ಬೇಡ.

ಅವಳ ಸ್ವಂತ ಮಗಳು ಗುಬ್ಬಿಗೆ ಹಾಲುಹಲ್ಲೊಂದು ಹುಳುಕಾಗಿ ಕೆನ್ನೆ ಊದಿತು. ಆಸ್ಪತ್ರೆಯ ಹೆಸರೆತ್ತಿದ್ದೇ ತಡ, ಮಂಚದ ಕೆಳಗೆ ಸೇರಿಕೊಂಡಳು.

"ಕರ್ಕೊಂಡು ಬನ್ನಿ. ಇವತ್ತು ಬರೀ ನೋಡ್ತೀನಿ, ಕೀಳೋ ಮಾತೇ ಇಲ್ಲ," ಎಂದರು ಡಾಕ್ಟರು ಫೋನಿನಲ್ಲಿ. ಅವಳು ನಂಬಿದಳು. ಅಷ್ಟು ವರ್ಷ ಜೊತೆಗೆ ದುಡಿದವರನ್ನು ನಂಬದೆ ಇನ್ಯಾರನ್ನು ನಂಬಬೇಕು?

ಮಂಚದ ಕೆಳಗೆ ಬಗ್ಗಿ ಎರಡೂ ಕೈ ಚಾಚಿದಳು.

"ಬರೀ ನೋಡೋದಾ?"

"ಬರೀ ನೋಡೋದು ಬಂಗಾರ. ನಿಂಗೆ ಯಾವತ್ತಾದ್ರೂ ಸುಳ್ಳು ಹೇಳಿದ್ದೀನಾ?"

ಗುಬ್ಬಿ ತೆವಳಿಕೊಂಡು ಹೊರಗೆ ಬಂದಳು.

ಕುರ್ಚಿಯಲ್ಲಿ ಅಮ್ಮನ ಕೈ ಹಿಡಿದೇ ಬಾಯಿ ತೆರೆದಳು. ಡಾಕ್ಟರ ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈ ಬೆನ್ನ ಹಿಂದೆ. ಅದರಲ್ಲಿ ಇಕ್ಕಳವಿದ್ದದ್ದು, ಮಗಳ ಮುಖವನ್ನೇ ನೋಡುತ್ತಿದ್ದ ಸಹಾಯಕಿಗೆ ಕಂಡದ್ದು ಹಲ್ಲು ಹೊರಗೆ ಬಂದ ಮೇಲೆ. ಗುಬ್ಬಿ ಒಂದೇ ಸಲ ಚೀರಿ ಸುಮ್ಮನಾದಳು. ಕಿತ್ತವರನ್ನು ನೋಡಲೇ ಇಲ್ಲ, ಅಮ್ಮನನ್ನೇ ನೋಡಿದಳು.

"ಮೊದಲೇ ಹೇಳಿದ್ರೆ ನೀವು ಕರ್ಕೊಂಡು ಬರ್ತಿರ್ಲಿಲ್ಲ," ಡಾಕ್ಟರು ನಕ್ಕರು. "ಚೆನ್ನಾಗಿ ಕೋಕ್ಸ್ ಮಾಡಿದ್ರಿ."

ಅವಳ ಮೈಯೆಲ್ಲ ಉರಿದುಹೋಯಿತು. ನಂಬಿಸಿ ಕತ್ತು ಕುಯ್ಯುವುದೆಂದರೆ ಇದೇ. ಅದೂ ಅವಳ ಕೈಯಿಂದಲೇ ಕುಯ್ಯಿಸಿದ್ದರು.

"ನೀವು ಮೋಸ ಮಾಡಿದ್ರಿ ಡಾಕ್ಟ್ರೇ. ನಂಗೂ, ಅವಳಿಗೂ."

"ಊತ ಇಳಿದ ಮೇಲೆ ಅವಳೇ ಮರೀತಾಳೆ. ಮುಂದಿನವ್ರನ್ನ ಕರೀರಿ," ಎಂದು ಅವರು ಕೈ ತೊಳೆಯಲು ಹೋದರು. ಅವಳು ಯಾರನ್ನೂ ಕರೆಯಲಿಲ್ಲ. ಮಗಳನ್ನು ಎತ್ತಿಕೊಂಡು ಮನೆಗೆ ನಡೆದಳು.

ಸಂಜೆ ಗಂಜಿ ಆರಿಸಿ, ಚಮಚ ಹಿಡಿದು ಮಗಳ ಮುಂದೆ ಕೂತಳು. "ಆ ಅನ್ನು ಬಂಗಾರ."

ಗುಬ್ಬಿ ತುಟಿ ಬಿಗಿದಳು. ಚಮಚವನ್ನೂ ಅಮ್ಮನನ್ನೂ ನೋಡಿ, "ಇನ್ನೊಂದು ಕೈ ತೋರ್ಸು," ಎಂದಳು.

ತೋರಿಸಿದಳು. ಕೈ ಖಾಲಿಯಿತ್ತು. ಆದರೂ ಗುಬ್ಬಿ ಬಾಯಿ ತೆರೆಯಲಿಲ್ಲ.