ಮರೆಯಾದ ಬುಟ್ಟಾಗಳು

ಮಧ್ಯಾಹ್ನ ಮೀನುಸಾರಿನ ಊಟ ಮುಗಿದ ಮೇಲೆ ಫುಲಿಯಾ ಊರಿನ ನೇಕಾರರ ಕೇರಿಯಲ್ಲಿ ಮಗ್ಗಗಳೆಲ್ಲ ಒಂದು ಗಳಿಗೆ ಬಾಯಿ ಮುಚ್ಚುತ್ತವೆ. ಆ ಗಳಿಗೆಗಾಗಿ ನಿಭಾ ಬಸಾಕ್ ಬೆಳಗಿನಿಂದ ಕಾಯುತ್ತಿದ್ದಳು. ಕೈ ಒರೆಸಿಕೊಂಡು ಮೇಲಿನ ಕೋಣೆಗೆ ಹತ್ತುವಳು, ಕಂಪ್ಯೂಟರಿಗೆ ಹೊದಿಸಿದ್ದ ಹಳೇ ಸೀರೆಯ ತುಂಡನ್ನು ತೆಗೆದು ಮಡಿಸಿಡುವಳು. ಪಕ್ಕದ ಮಂಚದ ಮೇಲೆ ಅತ್ತೆ ಸರಜೂಬಾಲಾ ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಅತ್ತೆ ಹೇಳುತ್ತಿದ್ದರು, ಸೊಸೆ ಬರೆಯುತ್ತಿದ್ದಳು.

ಹೇಳುತ್ತಿದ್ದದ್ದು ಸೀರೆಯ ಬುಟ್ಟಾಗಳನ್ನು. ಗಡಿಯಾಚೆಯ ಟಾಂಗಾಯಿಲಿನಲ್ಲಿ ತನ್ನ ತಾಯಿ ಉಟ್ಟದ್ದು, ದೋಣಿಯಲ್ಲಿ ಎದುರಾದ ಯಾರೋ ಮದುಮಗಳ ಮೈಮೇಲೆ ಕಂಡದ್ದು, ಗಂಡನ ಮಗ್ಗದಲ್ಲಿ ಅರ್ಧಕ್ಕೆ ಬಿಟ್ಟು ಬಂದದ್ದು. ಇಪ್ಪತ್ತೆರಡರ ಹರೆಯದಲ್ಲಿ ಒಂದು ಟ್ರಂಕು ಹಿಡಿದು ಈಚೆ ಬಂದ ಹೆಂಗಸಿಗೆ ಈಗ ಎಂಬತ್ನಾಲ್ಕು. ಎರಡೂ ಕಣ್ಣಿಗೆ ಪೊರೆ. ಬೆಳಕು ಬಿಟ್ಟರೆ ಬೇರೇನೂ ಕಾಣದು. ಹೊರಗಿನದು ಕಾಣದಾದಷ್ಟೂ ಒಳಗಿನ ಸೀರೆಗಳು ಮಾತ್ರ ಇನ್ನಷ್ಟು ಸ್ಪಷ್ಟವಾಗುತ್ತಿದ್ದವು.

"ಅದು ಹೂವಲ್ಲ ಬೌಮಾ," ಎನ್ನುವರು ಸೊಸೆಗೆ. "ಹೂವು ಬಿದ್ದಾಗ ನೀರು ನಡುಗುತ್ತಲ್ಲ, ಆ ನಡುಕ."

"ನಡುಕಾನ ಹ್ಯಾಗೆ ಬರೀಲಿ ಮಾ? ಎಷ್ಟು ಎಳೆ ಹೇಳಿ."

"ಎಳೆ ಎಣಿಸ್ತಾ ಕೂತ್ರೆ ನಡುಕ ನಿಂತುಹೋಗುತ್ತೆ. ಬರಿ, ಬರಿ."

ನಿಭಾ ಪರದೆಯ ಚೌಕಳಿಯಲ್ಲಿ ಒಂದೊಂದೇ ಮನೆ ತುಂಬುತ್ತ ಹೋಗುವಳು. ನೇಕಾರರ ಸಂಘದವರು ನಡೆಸಿದ ಮೂರು ತಿಂಗಳ ತರಬೇತಿಯಲ್ಲಿ ಕಲಿತ ವಿದ್ಯೆ ಅದು. ನಾಲ್ಕು ವರ್ಷದಲ್ಲಿ ಹೀಗೆ ನೂರ ಅರವತ್ತಮೂರು ಬುಟ್ಟಾ ಕೂಡಿದ್ದವು. ಆಗಾಗ ಒಂದನ್ನು ಪೆನ್‌ಡ್ರೈವಿಗೆ ಹಾಕಿ ಮೂಲೆಯ ಪರೇಶನ ಅಂಗಡಿಗೆ ಕಳಿಸಿದರೆ ಅವನು ಅದನ್ನು ನೋಡಿ ಮಗ್ಗದಲ್ಲಿ ಬುಟ್ಟಾ ಮೂಡಿಸುವ ರಟ್ಟುಗಳಿಗೆ ತೂತು ಹೊಡೆದು ಕೊಡುತ್ತಿದ್ದ. ಕೇರಿಯ ಎಲ್ಲರ ನಕ್ಷೆಯೂ ಅವನ ಕಂಪ್ಯೂಟರಿನ ಹೊಟ್ಟೆಯೊಳಗೆ ಹೊಕ್ಕೇ ಬರಬೇಕಿತ್ತು.

ಭಾದ್ರ ಮಾಸ, ಊರೆಲ್ಲ ಹೊಸ ಸೀರೆ ಕೊಳ್ಳುವ ದಸರೆಯ ಪೂಜೆಗೆ ಇನ್ನೊಂದು ತಿಂಗಳು. ಒಂದು ಬೆಳಿಗ್ಗೆ ನಿಭಾಳ ಗಂಡ ನಿತಾಯಿ ಪರೇಶನ ಅಂಗಡಿಯಿಂದ ಪೆನ್‌ಡ್ರೈವ್ ವಾಪಸು ತಂದ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವಳು ಮಾಡುವುದನ್ನು ನೋಡಿ ನೋಡಿ ತನಗೂ ಬರುತ್ತದೆಂಬ ಧೈರ್ಯದಲ್ಲಿ ತಾನೇ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಕಂಡದ್ದನ್ನು ಎರಡು ಸಲ ಒತ್ತಿದ. ಏನೂ ತೆರೆಯಲಿಲ್ಲ. ಮತ್ತೆ ಎರಡು ಸಲ ಒತ್ತಿ ಮಗ್ಗದ ಕುಣಿಗೆ ಇಳಿದುಬಿಟ್ಟ.

ಮಧ್ಯಾಹ್ನ ನಿಭಾ ಬಂದು ಕುಳಿತಾಗ ಪರದೆ ಎಂದಿನಂತೆಯೇ ಇತ್ತು. ಹತ್ತಿರದಿಂದ ನೋಡಿದರೆ ಮಾತ್ರ ಪ್ರತಿಯೊಂದು ಫೋಲ್ಡರಿನ ಮೂಲೆಗೂ ಇರುವೆಯಷ್ಟು ಚಿಕ್ಕ ಬಾಣದ ಗುರುತು ಅಂಟಿಕೊಂಡಿತ್ತು. 'ಮೀನು' ಎಂಬುದನ್ನು ಒತ್ತಿದಳು. ತೆರೆಯಲಿಲ್ಲ. 'ನದಿ' ಒತ್ತಿದಳು. 'ಮದುವೆ', 'ಹಕ್ಕಿ', 'ಅಂಚು'. ಹೆಸರು ಬರೆದ ಬಾಗಿಲುಗಳು ಸಾಲಾಗಿ ನಿಂತಿದ್ದವು, ಹಿಂದೆ ಮನೆಗಳೇ ಇರಲಿಲ್ಲ.

ಪರದೆಯ ಬಲಮೂಲೆಯಲ್ಲಿ ಹಳದಿ ಪೆಟ್ಟಿಗೆಯೊಂದು ಎದ್ದು ಬಂತು. ಎಂಟು ತಿಂಗಳಿಂದ ದಿನವೂ ಬರುತ್ತಿದ್ದದ್ದೇ. ವೈರಸ್ಸಿನಿಂದ ಕಾಯುವವನ ಗಡುವು ಮುಗಿದಿದೆ, ನವೀಕರಿಸಿ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಅವಳು ನೊಣ ಓಡಿಸಿದ ಹಾಗೆ ಅದನ್ನು ಓಡಿಸಿ ಕೆಲಸಕ್ಕೆ ಕೂರುತ್ತಿದ್ದಳು. ಇವತ್ತು ಓಡಿಸಲು ಕೈ ಬರಲಿಲ್ಲ.

ಬೆಳಿಗ್ಗೆ ಪೆನ್‌ಡ್ರೈವ್ ಸಿಕ್ಕಿಸಿ ಒತ್ತಿದ್ದನ್ನು ನಿತಾಯಿ ಒಪ್ಪಿಕೊಂಡ. ಸುದ್ದಿ ತಿಳಿದು ಪರೇಶ ಓಡಿಬಂದ. ಜೇಬಿನಲ್ಲಿ ಸ್ಟೇಷನ್ ಪ್ಲಾಟ್‌ಫಾರಮ್ಮಿನಲ್ಲಿ ಕೊಂಡ ಸೀಡಿ. "ವೈರಸ್ ಹೊಡೆಯೋ ಸಾಮಾನು ಬೌದಿ, ಬ್ರಹ್ಮಾಸ್ತ್ರ," ಎಂದು, ನಿಭಾಳನ್ನು ಅತ್ತಿಗೆಯೆಂದೇ ಕರೆಯುತ್ತಿದ್ದ ಅವನು ಅದನ್ನು ಒಳಗೆ ತಳ್ಳಿದ. ಕೆಂಪು ಅಕ್ಷರಗಳು ಪರದೆಯ ತುಂಬ ಹರಿದಾಡಿದವು. ನಾನೂರ ಹನ್ನೆರಡು ವೈರಸ್ ಸಿಕ್ಕಿವೆ ಎಂದಿತು. ಎಲ್ಲ ಅಳಿಸಲೇ ಎಂದು ಕೇಳಿತು. ಪರೇಶ ಹೂಂ ಒತ್ತಿದ, ಮತ್ತೆ ಹೂಂ, ಮತ್ತೆ ಹೂಂ.

"ಇನ್ನು ಗಂಗಾಸ್ನಾನ ಮಾಡಿದಷ್ಟು ಶುದ್ಧ!"

ಶುದ್ಧವೇನೋ ಆಗಿತ್ತು. ಬಾಣ ಹೊತ್ತ ಹೆಸರುಗಳೂ ಈಗ ಇರಲಿಲ್ಲ. ಬರಿಯ ನೀಲಿ ಉಳಿದಿತ್ತು.

ಪರೇಶ ಕತ್ತು ಕೆರೆದುಕೊಂಡ. "ಹೋಗ್ಲಿ ಬಿಡಿ ಬೌದಿ. ಅಜ್ಜಿ ಕಾಲದ್ದು ಯಾರಿಗೆ ಬೇಕು ಈಗ? ಪೂಜೆಗೆ ಹೊಸ ಥರದ್ದು ನಾನೇ ನಾಲ್ಕು ಕೊಡ್ತೀನಿ."

"ಮೆಲ್ಲಗೆ ಮಾತಾಡು," ಎಂದಳು ನಿಭಾ. ಮಂಚದ ಮೇಲೆ ಅತ್ತೆಯ ಉಸಿರು ಏರಿಳಿಯುತ್ತಿತ್ತು. "ಅವರಿಗೆ ಗೊತ್ತಾಗ್ಬಾರ್ದು."

ಮರುದಿನ ಮಧ್ಯಾಹ್ನ ನಿಭಾ ಕುಳಿತಲ್ಲೇ ತೂಕಡಿಸಿದಳು. ಕನಸಿನಲ್ಲಿ ತಾನೆಂದೂ ಕಾಣದ ಟಾಂಗಾಯಿಲಿನ ನದಿ. ಎರಡೂ ದಡಕ್ಕೆ ಹಗ್ಗ ಕಟ್ಟಿ ಸೀರೆಗಳನ್ನು ಹರವಿದ್ದರು. ಬಿಳಿ ಪತಂಗಗಳು ಬಂದು ಕೂತು ಬುಟ್ಟಾಗಳನ್ನಷ್ಟೇ ತಿನ್ನುತ್ತಿದ್ದವು, ನೂಲು ಮುಟ್ಟುತ್ತಿರಲಿಲ್ಲ. ಅವಳು ಕೈ ಬೀಸಿದರೆ ಪತಂಗಗಳ ರೆಕ್ಕೆಯ ಮೇಲೆ ಅದೇ ಮೀನು, ಅದೇ ಹಕ್ಕಿ. ಓಡಿಸಿದರೆ ಅವೂ ಹಾರಿಹೋಗುತ್ತವಲ್ಲ ಎಂದು ಕೈ ಇಳಿಸಿ ನೀರಿನಲ್ಲಿ ನಿಂತೇ ಇದ್ದಳು.

"ಬೌಮಾ, ಆ ನಡುಗೋದನ್ನ ತೋರಿಸು ನೋಡೋಣ."

ಎಚ್ಚರವಾದಾಗ ಅತ್ತೆ ಮಂಚದಿಂದಿಳಿದು ಗೋಡೆ ಹಿಡಿದು ಬಂದು ಪಕ್ಕದಲ್ಲೇ ನಿಂತಿದ್ದರು. ನಿಭಾ ತಟ್ಟನೆ ಪರದೆಯತ್ತ ತಿರುಗಿದಳು.

"ತೆಗೆದಿದೀನಿ ಮಾ. ಇಲ್ಲೇ ಇದೆ."

ಸರಜೂಬಾಲಾ ಖಾಲಿ ಪರದೆಯ ಬೆಳಕಿಗೆ ಮುಖವೊಡ್ಡಿದರು. ಗಾಜಿನ ಮೇಲೆ ಬೆರಳಿಟ್ಟು ಮೆಲ್ಲಗೆ ಸುತ್ತು ಎಳೆದರು. ಒಂದು ಸುತ್ತು, ಅದರ ಹೊರಗೆ ಇನ್ನೊಂದು, ಅದರಾಚೆ ಒಡೆದು ಒಡೆದು ಹೋಗುವ ಮೂರನೆಯದು. "ಇಲ್ಲಿ ನಡುವೆ ಏನೂ ಬೇಡ. ಖಾಲಿ ಬಿಡು. ಹೂವು ಮುಳುಗಿಹೋಗಿದೆ," ಎಂದರು. ಮುಖದಲ್ಲಿ ಸಣ್ಣ ಹುಡುಗಿಯ ನಗೆ. "ಚೆನ್ನಾಗಿ ಬರೆದಿದೀಯ."

ನಿಭಾ ಬರೆದಿದ್ದ ಬುಟ್ಟಾದ ನಡುವೆ ಎಂಟೆಸಳಿನ ಹೂವಿತ್ತು. ನಡುವೆ ಖಾಲಿ ಎಂದು ಅತ್ತೆ ಹಿಂದೆ ಹೇಳಿಯೇ ಇರಲಿಲ್ಲ. ಹೇಳಿದ್ದರೂ ಇವಳ ಕಿವಿಗೆ ಬಿದ್ದಿರಲಿಲ್ಲವೇನೋ. ಅವಳು ಅತ್ತೆಯ ಕೈ ಹಿಡಿದು ಮಂಚಕ್ಕೆ ಕರೆದೊಯ್ದಳು, ಹೊದಿಕೆ ಸರಿಮಾಡಿದಳು, ಕೆಳಗಿಳಿದು ಗಂಡನ ಮಗ್ಗದ ಪಕ್ಕ ನಿಂತಳು.

"ವ್ಯಾನ್‌ನವನನ್ನ ಕರೀರಿ. ಸ್ಟೇಷನ್ ಹತ್ರ ಹೋಗ್ಬೇಕು."

"ಯಾರು ಬರ್ತಿದಾರೆ?" ಎಂದ ನಿತಾಯಿ.

"ಯಾರೂ ಇಲ್ಲ. ನಾನೇ ಹೋಗ್ತೀನಿ, ಪೆಟ್ಟಿಗೆ ತಗೊಂಡು. ನೀವು ಎರಡು ಸಲ ಒತ್ತಿದ್ದಕ್ಕೆ ಇಷ್ಟಾಯ್ತು, ಈಗ ಅದನ್ನ ಎತ್ತಿಕೊಡೋದಾದ್ರೂ ಮಾಡಿ."

"ನಾಲ್ಕು ಸಲ," ಎಂದ ನಿತಾಯಿ ತಲೆತಗ್ಗಿಸಿ.

ಮೂರು ಗಾಲಿಯ ಸೈಕಲ್ ವ್ಯಾನಿನ ಹಲಗೆಯ ಮೇಲೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಸೀರೆಯಲ್ಲಿ ಸುತ್ತಿ, ಜ್ವರ ಬಂದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ನಿಭಾ ಹೊರಟಳು. ದಾರಿಯ ಎರಡೂ ಕಡೆ ಬಿದಿರಿನ ಗಳಗಳ ಮೇಲೆ ಬಣ್ಣದ ನೂಲು ಒಣಗುತ್ತಿತ್ತು. ಹಸಿರು ಮುಗಿದು ಅರಿಶಿನ, ಅರಿಶಿನ ಮುಗಿದು ಕಡುನೀಲಿ. ಗಾಳಿ ಇಲ್ಲದಿದ್ದರೂ ನೂಲು ಒಂದಿಷ್ಟು ಅಲುಗಿದಂತೆ, ವ್ಯಾನು ನಿಂತಲ್ಲೇ ನಿಂತು ಬಣ್ಣಗಳೇ ಹಿಂದಕ್ಕೆ ಹರಿಯುತ್ತಿರುವಂತೆ ಅವಳಿಗೆ ಅನಿಸಿತು.

ಸ್ಟೇಷನ್ ಬಳಿಯ ಕಂಪ್ಯೂಟರ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು ತಹಮೀನಾ. ಮೂವತ್ತರ ಆಸುಪಾಸಿನ, ದಪ್ಪ ಕನ್ನಡಕದ, ಸದಾ ಸೋಂಪು ಅಗಿಯುವ ಹೆಂಗಸು. ನಡೆದದ್ದನ್ನೆಲ್ಲ ಕೇಳಿದಳು. ಸೀಡಿಯ ಮಾತು ಬಂದಾಗ ಚಿಕ್ಕಮ್ಮನನ್ನು ಗದರುವಂತೆ ಹಣೆ ಚಚ್ಚಿಕೊಂಡಳು.

"ಕಾಕೀಮಾ, ಮನೆಗೆ ಕಳ್ಳ ಹೊಕ್ಕಿದಾನೆ ಅಂತ ಅವನ ಅಣ್ಣನ್ನೇ ಕಾವಲಿಗೆ ಕರೆದಿದೀರಲ್ಲ! ಆ ಸೀಡೀಲಿ ಇದ್ದದ್ದೂ ವೈರಸ್ಸೇ. ಹೆದರಿಸೋದು, ಹೂಂ ಅನ್ನಿಸೋದು, ಅಳಿಸೋದು. ಯಾರೋ ಎಲ್ಲೋ ಕೂತು ಮಾಡಿ ಬಿಟ್ಟದ್ದು."

"ಯಾಕೆ ಮಾಡ್ತಾರೆ? ನಾನು ಅವರಿಗೇನು ಮಾಡಿದ್ದೆ?"

"ನೀವು ಇದೀರಿ ಅಂತಲೇ ಅವರಿಗೆ ಗೊತ್ತಿಲ್ಲ," ಎಂದಳು ತಹಮೀನಾ. ಆ ಮಾತು ನಿಭಾಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ತಹಮೀನಾ ಮೊದಲು ಸೀಡಿ ಬಿಟ್ಟುಹೋದದ್ದನ್ನೂ ಪೆನ್‌ಡ್ರೈವಿನಿಂದ ಬಂದದ್ದನ್ನೂ ಹುಡುಕಿ ಕಿತ್ತಳು. ಅದಕ್ಕೇ ಒಂದು ಗಂಟೆಯ ಮೇಲಾಯಿತು. ಆಮೇಲೆ ಎಲ್ಲೋ ಒಂದು ಗುರುತು ಒತ್ತಿ, "ಮರೆಮಾಡಿದ್ದನ್ನ ತೋರಿಸು ಅಂತ ಕೇಳಿದೀನಿ. ನೋಡಿ," ಎಂದಳು.

ನೀಲಿಯ ಮೇಲೆ ಒಂದೊಂದಾಗಿ ಮೂಡಿದವು. ಮೀನು, ನದಿ, ಮದುವೆ. ಆದರೆ ಎಂದಿನ ಬಣ್ಣವಿಲ್ಲ, ಹಾಲಿನಾಚೆ ಕಂಡಂತೆ ಮಸುಕು. ಇದ್ದೂ ಇಲ್ಲದ ಹಾಗೆ.

"ಸತ್ತಿದಾವಾ?" ಎಂದು ಪಿಸುಗುಟ್ಟಿದಳು ನಿಭಾ.

"ಬದುಕಿದಾವೆ. ಆ ವೈರಸ್ಸು ಇವಕ್ಕೆ ಮುಸುಕು ಹಾಕಿ, ಇವುಗಳ ಹೆಸರಲ್ಲಿ ತಾನು ಬಾಗಿಲಲ್ಲಿ ನಿಂತಿತ್ತು. ನೀವು ಒತ್ತಿದಾಗೆಲ್ಲ ಅದನ್ನೇ ಎಬ್ಬಿಸ್ತಿದ್ರಿ." ತಹಮೀನಾ ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಟೈಪು ಮಾಡಿದಳು. ಮಸುಕು ಕರಗಿ ಬಣ್ಣ ತುಂಬಿಕೊಂಡಿತು. ನಿಭಾ ಸೆರಗು ಬಾಯಿಗೊತ್ತಿಕೊಂಡಳು.

ಎಣಿಸಿದಾಗ ನೂರ ನಲವತ್ತಾರು. ಹದಿನೇಳು ಇರಲಿಲ್ಲ. ಅವನ್ನು ಸೀಡಿ ಅಳಿಸಿತ್ತು, ತಹಮೀನಾ ಸಂಜೆಯವರೆಗೆ ಕೆದಕಿದರೂ ಸಿಗಲಿಲ್ಲ.

"ಇನ್ನೊಂದು ಕಡೆ ಎತ್ತಿಟ್ಟಿರಲಿಲ್ವಾ ಕಾಕೀಮಾ?"

"ಇಲ್ಲಮ್ಮ. ಪೆಟ್ಟಿಗೆಯೊಳಗಿದೆ ಅಂದ್ರೆ ಟ್ರಂಕಿನಲ್ಲಿದ್ದ ಹಾಗೆ ಅನ್ಕೊಂಡಿದ್ದೆ."

"ಟ್ರಂಕಿಗೆ ನೀವು ಬೀಗ ಹಾಕಲ್ವಾ? ಬೇವಿನೆಲೆ ಇಡಲ್ವಾ? ಬಿಸಿಲಿಗೆ ಹಾಕಲ್ವಾ?"

ನಿಭಾ ಹೊರಡುವ ಮುನ್ನ ತಹಮೀನಾ ಹೊಸ ಕಾವಲುಗಾರನನ್ನು ಕೂರಿಸಿ, ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ತೆರೆಯದೆ ಮೊದಲು ಪರೀಕ್ಷಿಸುವುದನ್ನು ಕಲಿಸಿದಳು. ಹಳದಿ ಪೆಟ್ಟಿಗೆ ಬಂದರೆ ಓದಬೇಕು, ತಿಳಿಯದಿದ್ದರೆ ಫೋನು ಮಾಡಬೇಕು, ಹೂಂ ಮಾತ್ರ ಅನ್ನಬಾರದು ಎಂದಳು. ಎಲ್ಲದರ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಹಾಕಿ, ಕೆಲಸವಾದ ಕೂಡಲೇ ಅದನ್ನು ಕಂಪ್ಯೂಟರಿನಿಂದ ಕಳಚಿಡಲು ಹೇಳಿದಳು. ನಿಭಾ ಮನೆಗೆ ಬಂದು ಆ ಡಿಸ್ಕನ್ನು ಅತ್ತೆಯ ಟ್ರಂಕಿನೊಳಗೆ ಸೀರೆಗಳ ನಡುವೆ ಇಟ್ಟಳು.

ಕಷ್ಟ ಶುರುವಾದದ್ದು ಆಮೇಲೆ. ಪರೇಶ ನಕ್ಷೆ ಕೇಳಲು ಬಂದಾಗ ನಿಭಾ ಅವನ ಪೆನ್‌ಡ್ರೈವನ್ನು ಮುಟ್ಟಲಿಲ್ಲ. ಮೊದಲು ಅದನ್ನು ತಹಮೀನಾ ಹತ್ತಿರ ಶುದ್ಧಮಾಡಿಸಿಕೊಂಡು ಬಾ ಎಂದಳು. ಜಗಲಿಯ ಮೇಲೆ ಚಹಾ ಕುಡಿಯುತ್ತಿದ್ದ ನಾಲ್ಕು ಜನರ ಮುಂದೆ ಪರೇಶನ ಮುಖ ಕಪ್ಪಿಟ್ಟಿತು.

"ನಾನು ಮುಟ್ಟಿದ್ದು ಮೈಲಿಗೇನಾ ಬೌದಿ? ಇಪ್ಪತ್ತು ವರ್ಷದಿಂದ ಈ ಮನೆ ಅನ್ನ ಉಂಡಿದೀನಿ!"

"ನಾಳೆನೂ ಉಣ್ಣು. ತಟ್ಟೆ ತೊಳೆದೇ ಬಡಿಸ್ತೀನಿ, ನನ್ನ ಗಂಡಂಗೂ ತೊಳೆದೇ ಬಡಿಸೋದು. ಅದರಲ್ಲಿ ಅವಮಾನ ಏನು ಬಂತು?"

ಯಾರೋ ನಕ್ಕರು. ಪರೇಶ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ. ಹನ್ನೆರಡು ದಿನ ನಿತಾಯಿಯ ಮಗ್ಗಕ್ಕೆ ಹೊಸ ರಟ್ಟು ಬರಲಿಲ್ಲ. ಪೂಜೆ ಹತ್ತಿರ ಬರುತ್ತಿತ್ತು. ನಿತಾಯಿ ಹಳೇ ಅಂಚಿನ ಸೀರೆಯನ್ನೇ ನೇಯುತ್ತಿದ್ದ. ಲಾಳಿಯ ಸದ್ದು ಮಾತ್ರ ಒಂದಿಷ್ಟು ಜೋರಾಗಿತ್ತು.

ಹದಿಮೂರನೆಯ ದಿನ ಪರೇಶ ತಾನಾಗೇ ಬಂದ. ಒಳಗೆ ಬರದೆ ಮೆಟ್ಟಿಲ ಮೇಲೆ ಕೂತ.

"ಹಾಲ್ದಾರ್ ಮನೇಲೂ ಬಾಣ ಬಂದಿದೆ. ಗೋಪೇನ್ ಮನೇಲೂ. ಎಲ್ಲಾ ನನ್ನಿಂದಲೇ ಹೋಗಿದೆ ಬೌದಿ. ನನ್ನ ಮಷಿನ್ನೇ ಬೇರು. ಕಾಯಿಲೆ ಹಂಚೋನು ಅಂತಿದಾರೆ ನನ್ನನ್ನ."

ನಿಭಾ ಬಂದು ಅವನ ಪಕ್ಕದ ಮೆಟ್ಟಿಲ ಮೇಲೆ ಕೂತು, ತಹಮೀನಾಳನ್ನು ಕೇರಿಗೇ ಕರೆಸೋಣ ಎಂದಳು. ತನ್ನ ಮನೆಯ ಬಾಗಿಲೊಂದನ್ನೇ ಹಾಕಿಕೊಂಡರೆ ಸಾಲದು ಎಂದು ಈ ಹನ್ನೆರಡು ದಿನದಲ್ಲಿ ಅವಳಿಗೂ ಹೊಳೆದಿತ್ತು. ಇಡೀ ಕೇರಿಯ ನೂಲನ್ನು ಬಣ್ಣದ ಒಂದೇ ಬಾನಿಯಲ್ಲಿ ಅದ್ದುವಂಥ ಊರು ಅದು.

ಮಹಾಲಯಕ್ಕೆ ಮೂರು ದಿನ ಮುಂಚೆ, ಶುಕ್ರವಾರದ ನಮಾಜು ಮುಗಿದ ಹೊತ್ತಿಗೆ, ತಹಮೀನಾಳ ಅಣ್ಣ ಅವಳನ್ನು ತನ್ನ ಸೈಕಲ್ಲಿನಲ್ಲಿ ತಂದುಬಿಟ್ಟ. ನಿಭಾಳ ಜಗಲಿಯಲ್ಲಿ ಚಾಪೆ ಹಾಸಿತ್ತು. ಹೊತ್ತು ಇಳಿಯುತ್ತ ಕೇರಿಯವರು ಒಬ್ಬೊಬ್ಬರಾಗಿ ಬಂದರು. ಸೆರಗಿನ ಗಂಟಿನಿಂದ, ಎಲೆಯಡಿಕೆ ಡಬ್ಬಿಯಿಂದ, ದೇವರ ಗೂಡಿನಿಂದ ಪೆನ್‌ಡ್ರೈವುಗಳು ಹೊರಬಂದವು. ಒಂದಕ್ಕೆ ಕುಂಕುಮ ಅಂಟಿತ್ತು. ನಿಭಾ ಒಂದೊಂದಕ್ಕೂ ಮನೆಯವರ ಬಣ್ಣದ ನೂಲು ಕಟ್ಟಿ ಸಾಲಾಗಿ ಇಟ್ಟಳು. ತಹಮೀನಾ ತೊಳೆಯುತ್ತ ಹೋದಳು. ಪರೇಶ ತನ್ನ ಕಂಪ್ಯೂಟರನ್ನು ತಾನೇ ಹೊತ್ತು ತಂದು ಎಲ್ಲರೆದುರು ಇಳಿಸಿದ. ಆಮೇಲೆ ಎಲ್ಲರಿಗೂ ಮಂಡಕ್ಕಿ ಹಂಚಿದ್ದೂ ಅವನೇ. ಆಕಾಶದಲ್ಲಿ ಅರಳೆಯಂಥ ಮೋಡ ಬಿಡಿಬಿಡಿಯಾಗಿ ತೇಲುತ್ತಿತ್ತು. ಅಷ್ಟು ಜನ ಅಷ್ಟು ಹೊತ್ತು ಮಗ್ಗ ಬಿಟ್ಟು ಕೂತದ್ದನ್ನು ಆ ಕೇರಿ ಕಂಡಿರಲಿಲ್ಲ.

"ಏನಮ್ಮ ಗಲಾಟೆ?" ಎಂದು ಮೇಲಿನಿಂದ ಸರಜೂಬಾಲಾ ಕೂಗಿದರು.

ನಿಭಾ ಹತ್ತಿಹೋಗಿ ಅವರ ಕಾಲ ಬಳಿ ಕೂತಳು. ನಡೆದದ್ದನ್ನೆಲ್ಲ ಹೇಳಿದಳು. ಖಾಲಿ ಪರದೆ ತೋರಿಸಿ ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ. ಹದಿನೇಳು ಬುಟ್ಟಾ ಹೋದವು ಎಂದು ಅವರ ಪಾದ ಹಿಡಿದಳು.

ಅತ್ತೆ ಸೊಸೆಯ ತಲೆ ತಡವಿದರು. "ಗೊತ್ತಿತ್ತು ಬೌಮಾ. ಬೆಳಕಲ್ಲಿ ನೆರಳೇ ಇರಲಿಲ್ಲ ಅವತ್ತು. ನೀನು ಹೆದರಿದ್ದೆ, ಅದಕ್ಕೇ ನಾನು ಸುಮ್ಮನಿದ್ದೆ. ಆ ಊರಿನಿಂದ ಬರುವಾಗ ನಾನು ಬಿಟ್ಟು ಬಂದದ್ದು ಎಷ್ಟು ಅಂತ ಎಣಿಸಿದೀಯಾ? ಹದಿನೇಳು ಯಾವ ಲೆಕ್ಕ."

"ಅವನ್ನೇ ಮತ್ತೆ ಹೇಳ್ತೀರಾ ಮಾ?"

"ಅವೇ ಬರ್ತವೋ ಇಲ್ವೋ. ಬಂದದ್ದನ್ನ ಹೇಳ್ತೀನಿ."

ಬಂದದ್ದು ಅವೇ ಅಲ್ಲ. ಪೂಜೆ ಕಳೆದು ಮಂಜು ಬೀಳತೊಡಗಿದ ಮಧ್ಯಾಹ್ನಗಳಲ್ಲಿ ಸರಜೂಬಾಲಾ ಹೇಳಿದ ಬುಟ್ಟಾಗಳು ಮೊದಲಿನವಕ್ಕಿಂತ ವಿರಳವಾಗಿದ್ದವು, ಎಲೆಗಳಿಗಿಂತ ಎಲೆಗಳ ನಡುವಿನ ಬಯಲೇ ಹೆಚ್ಚು. ಪರೇಶ ಅವಕ್ಕೆ ರಟ್ಟು ಹೊಡೆಯುವಾಗ, "ಇದರಲ್ಲಿ ತೂತೇ ಇಲ್ವಲ್ಲ ಬೌದಿ!" ಎಂದು ರೇಗಿಸಿದ. ಆದರೂ ಶಾಂತಿಪುರದ ವ್ಯಾಪಾರಿಯೊಬ್ಬ ಅಂಥ ಸೀರೆಯನ್ನೇ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಾಗಿಲ ಬೆಳಕಿಗೆ ಒಡ್ಡಿ ನೋಡಿದನೆಂದು ನಿತಾಯಿ ಬಂದು ಹೇಳಿದ.

ಒಂದು ದಿನ ಅತ್ತೆ ಹೊಸತೊಂದನ್ನು ಶುರುಮಾಡಿದರು. ಚಳಿಗಾಲದ ಗದ್ದೆ, ಅದರಂಚಿನಲ್ಲಿ ಯಾರೋ ನಡೆದುಹೋಗುತ್ತಿದ್ದಾರೆ, ಕಾಲು ಕಾಣುವುದಿಲ್ಲ, ಅವರು ದಾಟಿದ ಮೇಲೆ ಹುಲ್ಲು ಬಾಗಿರುವುದಷ್ಟೇ ಕಾಣುತ್ತದೆ.

"ಯಾವ ಕಡೆಗೆ ಬಾಗಿದೆ ಮಾ?"

ಸರಜೂಬಾಲಾ ನಿದ್ದೆಹೋಗಿದ್ದರು. ನಿಭಾ ಅರ್ಧ ಬರೆದದ್ದನ್ನು ಹಾಗೇ ಉಳಿಸಿದಳು. ಕೆಳಗೆ ಮಗ್ಗಗಳು ಮತ್ತೆ ಬಡಿಯತೊಡಗಿದವು. ಅವಳು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, ಅತ್ತೆಗೆ ಎಚ್ಚರವಾಗುವವರೆಗೆ ಕಾಯುತ್ತ ಕೂತಳು.