ನಲವತ್ತು ಹೆಸರಿನ ಪುಸ್ತಕ

ಸಮುದ್ರದ ನಡುವೆ ಒಂದು ದ್ವೀಪ. ಅದನ್ನು ಆಳುತ್ತಿದ್ದವನು ಪಕ್ಕದ ದೊಡ್ಡ ದ್ವೀಪದ ದೊರೆ. ಇಲ್ಲಿನ ಉಣ್ಣೆಬಟ್ಟೆ ಹೊರಗೆ ಮಾರಕೂಡದೆಂದು ಅವನು ಅಪ್ಪಣೆ ಹೊರಡಿಸಲು ಹೊರಟಾಗ ಸುದ್ದಿ ಕೇಳಿದ ವ್ಯಾಪಾರಿಗಳು ಹಿಂದೆ ಸರಿದು ಮಗ್ಗಗಳು ಆಗಲೇ ನಿಂತಿದ್ದವು, ನೇಕಾರರ ಮಕ್ಕಳು ಹಸಿದು ಮಲಗುತ್ತಿದ್ದರು. ಅಪ್ಪಣೆಗೆ ಒಪ್ಪಿಗೆ ಕೊಡಬೇಕಾದ ಸಭೆಯಲ್ಲಿ ಕೂರುವ ಪಟ್ಟಣದ ದೊಡ್ಡವರಿಗೆ ಇದೊಂದೂ ಗೊತ್ತಿಲ್ಲ, ಪಾಪ! ನೇಕಾರರ ಕೇರಿಗೆ ಸಾರೋಟು ಹೋಗುವುದಿಲ್ಲವಲ್ಲ.

ಆ ಪಟ್ಟಣದಲ್ಲಿ ಫಿಂಟನ್ ಎಂಬ ಮುದ್ರಕನಿದ್ದ. ಕೆಳಗೆ ಪುಸ್ತಕದಂಗಡಿ, ಮೇಲೆ ಅಚ್ಚುಕೂಟ. ಮುದಿ ನೇಕಾರನೊಬ್ಬ ಕೇರಿಯ ಕಷ್ಟವನ್ನೆಲ್ಲ ಬರೆದು ತಂದು ಅವನ ಮುಂದಿಟ್ಟ.

"ಸಭೆಯವರು ಒಮ್ಮೆ ಓದಿದರೆ ಸಾಕು ಸ್ವಾಮಿ. ಓದಿಯೂ ಕೈಬಿಟ್ಟರೆ ನಮ್ಮ ಹಣೆಬರಹ."

ಫಿಂಟನ್ ಅದನ್ನು ಓದಿ ಕಣ್ಣೊರೆಸಿಕೊಂಡ. "ಓದಿಸುತ್ತೇನೆ ಯಜಮಾನರೇ, ಮಾತು ಕೊಟ್ಟೆ" ಎಂದ.

ಪುಸ್ತಕ ಬೇಕೆಂದವರು ಮೊದಲೇ ಹೆಸರು ಬರೆಸುವುದು, ಆ ಹೆಸರುಗಳನ್ನು ಮೊದಲ ಹಾಳೆಯಲ್ಲಿ ಅಚ್ಚುಹಾಕುವುದು ಅಲ್ಲಿನ ರೂಢಿ. ಸಭೆಯ ಒಬ್ಬ ಜಹಗೀರ್ದಾರ ಹೆಸರು ಕೊಟ್ಟದ್ದೇ ತಡ, ತಾವೇನು ಕಡಿಮೆ ಎಂದು ಉಳಿದವರೂ ನಾ ಮುಂದು ತಾ ಮುಂದು ಎಂದು ಬಂದರು. ನಲವತ್ತು ಹೆಸರು! ಒಳಗೇನಿದೆ ಎಂದು ಒಬ್ಬರೂ ಕೇಳಲಿಲ್ಲ, ಅಕ್ಷರ ದಪ್ಪಗಿರಲಿ ಎಂದರು.

"ಇವರು ಓದುತ್ತಾರೆಂದು ನಂಬಿದ್ದೀರಾ?" ಎಂದಳು ಹಾಳೆ ಹೊಲಿಯುತ್ತಿದ್ದ ಹೆಂಡತಿ ಹೊನೋರಾ.

"ಹೆಸರು ಕೊಟ್ಟವರು ಓದದೆ ಇರುತ್ತಾರೇನೇ?"

ಪುಸ್ತಕ ಅಚ್ಚಾಗಿ ನಲವತ್ತು ಮನೆ ಸೇರಿ ತಿಂಗಳಾದ ಬಳಿಕ ಸಭೆ ಕೂಡಿತು. ನಲವತ್ತೂ ಕೈಗಳು ಅಪ್ಪಣೆಯ ಪರವಾಗಿ ಎದ್ದವು. ದೊರೆಯ ಪ್ರತಿನಿಧಿಯಂತೂ ಪುಸ್ತಕದ ಶೀರ್ಷಿಕೆ ನೋಡಿಯೇ ಕೆಂಡವಾದ. ಫಿಂಟನ್‌ಗೆ ಸೆರೆ, ಪ್ರತಿಗಳನ್ನೆಲ್ಲ ಮನೆಮನೆಯಿಂದ ತರಿಸಿ ಪೇಟೆಯ ಚೌಕದಲ್ಲಿ ಗಲ್ಲಿಗೇರಿಸುವವನ ಕೈಯಿಂದ ಸುಡಿಸಬೇಕೆಂದು ತೀರ್ಪಾಯಿತು.

ಈಗ ದೊಡ್ಡವರಿಗೆ ಕೈಕಾಲು ಆಡಲಿಲ್ಲ. ಕಳ್ಳಕಾಕರ ಕತ್ತಿಗೆ ಹಗ್ಗ ಹಾಕುವ ಕೈ ತಮ್ಮ ಹೆಸರನ್ನು ಮುಟ್ಟುವುದೇ! ಹೆಸರಿನ ಹಾಳೆಯನ್ನು ಬೇರೆ ಮಾಡಿ ಮರ್ಯಾದೆಯಿಂದ ಹಿಂದಿರುಗಿಸಲು ಫಿಂಟನ್‌ಗೇ ಆಜ್ಞೆಯಾಯಿತು.

ಚೌಕದಲ್ಲಿ ಅವನು ಒಂದೊಂದೇ ಪ್ರತಿ ಕೈಗೆತ್ತಿಕೊಂಡ. ಆ ಕಾಲದಲ್ಲಿ ಹಾಳೆ ಮಡಚಿ ಹೊಲಿದು ಮಾರುತ್ತಿದ್ದರು; ಅಂಚನ್ನು ಓದುವವನೇ ಚಾಕುವಿನಿಂದ ಸೀಳಿಕೊಳ್ಳಬೇಕು. ನಲವತ್ತರಲ್ಲೂ ಹೆಸರಿನ ಹಾಳೆ ಮಾತ್ರ ಸೀಳಿತ್ತು. ಫಿಂಟನ್ ಗುಂಪಿನಲ್ಲಿದ್ದ ಮುದಿ ನೇಕಾರನ ಕಡೆ ತಿರುಗಿ, "ತಪ್ಪಾಯಿತು ಯಜಮಾನರೇ. ಒಬ್ಬರೂ ಓದಿಲ್ಲ" ಎಂದ.

ದೊಡ್ಡವರು ತಮ್ಮ ತಮ್ಮ ಹಾಳೆ ಹಿಡಿದು ಮನೆಗೆ ಹೋದರು.

ಗಲ್ಲಿಗೇರಿಸುವವನು ಒಂದು ಪ್ರತಿಯನ್ನು ಬೆಂಕಿಗೆ ಎಸೆದ. ಮುಚ್ಚಿದ ಪುಸ್ತಕ ಸುಲಭಕ್ಕೆ ಸುಡುವುದಿಲ್ಲ. ಅಂಚು ಕಪ್ಪಾಯಿತು, ಹೊಗೆಯೆದ್ದಿತು, ಅಷ್ಟೆ. "ಥತ್!" ಎಂದು ಇಕ್ಕಳದಿಂದ ಅದನ್ನು ಹೊರಗೆಳೆದು, ಚಾಕು ತೆಗೆದು ಹಾಳೆ ಸೀಳತೊಡಗಿದ. ಮರಣದಂಡನೆಯ ಆಜ್ಞೆಗಳನ್ನು ನೋಡಿ ನೋಡಿ ಅಕ್ಷರ ಕಲಿತವನು. ಕಣ್ಣು ಸಾಲಿನ ಮೇಲೆ ನಿಂತಿತು, ತುಟಿ ಅಲ್ಲಾಡಿತು.

"ಮಾರಾಯ, ಇದೆಲ್ಲ ನಿಜವೇನೋ?" ಎಂದು ಫಿಂಟನ್‌ನನ್ನು ಕೇಳಿದ.

"ನಿಜ."

"ಗಟ್ಟಿಯಾಗಿ ಓದಪ್ಪಾ, ನಮಗೂ ಕೇಳಲಿ!" ಎಂದು ಯಾರೋ ಕೂಗಿದರು.

ಆಜ್ಞೆಯಲ್ಲಿ ಸುಡಬೇಕೆಂದಿತ್ತು, ಓದಬಾರದೆಂದು ಇರಲಿಲ್ಲ. ಗಲ್ಲಿಗೇರಿಸುವವನು ಒಂದು ಹಾಳೆ ಓದುವುದು, ಬೆಂಕಿಗೆ ಹಾಕುವುದು, ಇನ್ನೊಂದನ್ನು ಸೀಳುವುದು, ಹೀಗೆ ನಡೆಸಿದ. ಸಿಪಾಯಿಗಳೂ ಬಂದೂಕು ಕೆಳಗಿಟ್ಟು ಕೇಳಿದರು. ಒಂದು ಪ್ರತಿ ಮುಗಿಯುವಷ್ಟರಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿ ಊರೇ ಚೌಕಕ್ಕೆ ಬಂದಿತ್ತು. ಇನ್ನೂ ಮೂವತ್ತೊಂಬತ್ತು ಉಳಿದಿದ್ದವು.